ಕೆರೆ ಪಕ್ಕದಲ್ಲೇ ಕ್ಯಾಂಪ್, ಆದರೂ ಕುದುರೆ ನೀರು ಮುಟ್ಟುತ್ತಿಲ್ಲ. ಏನು ಮಾಡಲಿ?

ತಪ್ಪಲು ಸವಾರ:
ಬೆಟ್ಟದ ತಪ್ಪಲಲ್ಲಿ ಒಂದು ಕೆರೆ ಹತ್ತಿರ ಟೆಂಟ್ ಹಾಕಿದ್ದೇವೆ. ಜೊತೆಗೆ ಎರಡು ಕುದುರೆ ಇವೆ. ವಿಪರೀತ ಸೆಕೆ, ಮಧ್ಯಾಹ್ನ 38 ಡಿಗ್ರಿ ದಾಟುತ್ತಿದೆ. ನಿನ್ನೆ ಏರುದಾರಿಯಲ್ಲಿ ಬರುವಾಗ ಎರಡೂ ತುಂಬಾ ಬೆವರಿದ್ದವು. ಹೆಣ್ಣು ಕುದುರೆ ನಾವು ತಂದಿದ್ದ ಬಕೆಟ್ ನೀರು ಕುಡಿಯಿತು. ಗಂಡು ಕುದುರೆ ಮಾತ್ರ ಕೆರೆ ಅಂಚಿಗೆ ಹೋಗುತ್ತೆ, ಮೂಸಿ ನೋಡುತ್ತೆ, ಹಿಂದೆ ಸರಿಯುತ್ತೆ. ಬಕೆಟ್ಟಿನಲ್ಲಿ ಕೊಟ್ಟರೂ ನಾಲ್ಕು ಗುಟುಕು ಅಷ್ಟೇ. ಇವತ್ತು ಬೆಳಿಗ್ಗೆ ಲದ್ದಿ ಚಿಕ್ಕದಾಗಿ, ಗಟ್ಟಿಯಾಗಿ ಬಿದ್ದಿದೆ. ಒಣಹುಲ್ಲು ತಿನ್ನುತ್ತಿದೆ, ಆದರೆ ಮೊದಲಿನ ಉತ್ಸಾಹ ಇಲ್ಲ. ಎಲೆಕ್ಟ್ರೋಲೈಟ್ ಪೇಸ್ಟ್ (ಬೆವರಲ್ಲಿ ಹೋದ ಉಪ್ಪಿನಂಶ ತುಂಬೋಕೆ ಕೊಡುವಂಥದ್ದು) ಇದೆ. ಅದನ್ನ ಬಾಯಿಗೆ ಹಾಕಿದರೆ ಬಾಯಾರಿಕೆ ಆಗುತ್ತೆ ಅಲ್ವಾ? ಹೊಟ್ಟೆನೋವಿನ ಔಷಧಿಯೂ ಇದೆ, ಕೊಡಲಾ?

ಗೊರಸಿನ ಸದ್ದು:
ಎರಡನ್ನೂ ಸದ್ಯಕ್ಕೆ ಕೊಡಬೇಡಿ. ಮೊದಲು ಕುದುರೆ ಎಷ್ಟು ಒಣಗಿದೆ ಅಂತ ನೋಡೋಣ.

ನೆರಳಲ್ಲಿ ಅರ್ಧ ಗಂಟೆ ಸುಮ್ನೆ ನಿಲ್ಲಿಸಿ, ಆಮೇಲೆ ಎದೆಬಡಿತ ಎಣಿಸಿ. ಎಡ ಮೊಣಕೈ ಹಿಂದೆ ಕೈಯಿಟ್ಟರೆ ಸಿಗುತ್ತೆ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44 ಸಹಜ. ಅಷ್ಟು ವಿಶ್ರಾಂತಿ ಆದ ಮೇಲೂ 60 ದಾಟಿದ್ದರೆ ತಡ ಮಾಡದೆ ಪಶುವೈದ್ಯರಿಗೆ ಫೋನ್ ಮಾಡಿ. ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, 37.5ರಿಂದ 38.5 ಡಿಗ್ರಿ ಇರಬೇಕು. ಮೇಲ್ತುಟಿ ಎತ್ತಿ ಒಸಡನ್ನು ಬೆರಳಿಂದ ಒತ್ತಿ ಬಿಡಿ. ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಒಸಡು ಒಣಗಿ ಅಂಟಂಟಾಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ.

ಎರಡೂ ಪಕ್ಕೆಗೆ, ಮೇಲೆ ಕೆಳಗೆ, ಕಿವಿಯಿಟ್ಟು ಕೇಳಿ. ಗುಡುಗುಡು ಸದ್ದು ಬರುತ್ತಿದ್ದರೆ ಸಮಾಧಾನ. ಪೂರ್ತಿ ನಿಶ್ಶಬ್ದ ಇದ್ದರೆ ಅದು ತುರ್ತು ಪರಿಸ್ಥಿತಿ. ಹೊಟ್ಟೆ ಕಡೆ ತಿರುಗಿ ತಿರುಗಿ ನೋಡೋದು, ನೆಲ ಕೆರೆಯೋದು, ಹೊರಳಾಡೋದು ಕಂಡರೂ ಹಾಗೆಯೇ.

ನೋವಿನ ಔಷಧಿ ಯಾಕೆ ಬೇಡ ಅಂದರೆ, ಫ್ಲೂನಿಕ್ಸಿನ್, ಬ್ಯೂಟ್ (ಫಿನೈಲ್‌ಬ್ಯುಟಜೋನ್) ತರಹದವು ನೀರಿಲ್ಲದ ಮೈಯಲ್ಲಿ ಕಿಡ್ನಿಗೆ ಹೊಡೆತ ಕೊಡುತ್ತವೆ. ನೋವನ್ನು ಮುಚ್ಚಿಡೋದರಿಂದ ನಿಮಗೆ ವಿಷಯವೂ ಗೊತ್ತಾಗಲ್ಲ. ವೈದ್ಯರು ಹೇಳಿದರೆ ಮಾತ್ರ ಕೊಡಿ.

ತಪ್ಪಲು ಸವಾರ:
ನೋಡಿದೆ. ಎದೆಬಡಿತ 46, ಜ್ವರ ಇಲ್ಲ, 38.2. ಒಸಡು ಸ್ವಲ್ಪ ಅಂಟಂಟು. ಬಣ್ಣ ಮರಳೋಕೆ ಎರಡು ಸೆಕೆಂಡು, ಅಥವಾ ಚೂರು ಜಾಸ್ತಿ. ಹೊಟ್ಟೆ ಸದ್ದು ಇದೆ, ಬಲಗಡೆ ಕಡಿಮೆ. ವೈದ್ಯರಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಸಂಜೆಯವರೆಗೆ ಕಣ್ಣಿಟ್ಟಿರಿ, ಕುಡಿಸೋ ಪ್ರಯತ್ನ ಮಾಡಿ ಅಂದರು.

ದೂರದ ದಾರಿ:
ಹಾಗಾದರೆ ಸಮಯ ಇದೆ. ಈಗ ಕೆರೆ ವಿಷಯ. ನೀರು ಹೇಗೆ ಕಾಣುತ್ತಿದೆ? ಅಂಚಿನಲ್ಲಿ ಹಸಿರು ಪೇಂಟ್ ಚೆಲ್ಲಿದ ಹಾಗೆ ಕೆನೆ ಕಟ್ಟಿದೆಯಾ? ಕೆಟ್ಟ ವಾಸನೆ? ಸತ್ತ ಮೀನು?

ಬಿಸಿಲು ಜಾಸ್ತಿಯಾಗಿ, ನೀರು ಅಲುಗಾಡದೆ ನಿಂತಾಗ ನೀಲಿ-ಹಸಿರು ಪಾಚಿ ಬೆಳೆಯುತ್ತೆ. ಅದರ ಕೆಲವು ಜಾತಿಗಳ ವಿಷ ಲಿವರಿಗೆ, ನರಗಳಿಗೆ ಬಡಿಯುತ್ತೆ. ಜಾನುವಾರು ಕುಡಿದ ಕೆಲವೇ ಗಂಟೆಗಳಲ್ಲಿ ಸಾಯೋದೂ ಉಂಟು. ನೀರು ಕುದಿಸಿದರೆ ಈ ವಿಷ ಹೋಗಲ್ಲ. ಗಾಳಿ ಈ ಕೆನೆಯನ್ನೆಲ್ಲ ತಳ್ಳಿಕೊಂಡು ಹೋಗಿ ಒಂದೇ ದಡದಲ್ಲಿ ಪೇರಿಸುತ್ತೆ. ಹಾಗಾಗಿ ಒಂದು ದಡ ತಿಳಿಯಾಗಿದೆ ಅಂತ ಇಡೀ ಕೆರೆಯನ್ನು ನಂಬಬೇಡಿ. ಹೆಣ್ಣು ಕುದುರೆಯನ್ನೂ ಸದ್ಯ ಕೆರೆಗೆ ಬಿಡಬೇಡಿ. ಕುದುರೆ ನೀರು ಬೇಡ ಅಂದಾಗ ಅದರ ಮೂಗನ್ನು ಗೌರವಿಸಬೇಕು ಅನ್ನೋದು ನನ್ನ ಅಭಿಪ್ರಾಯ. ಹಾಗಂತ ಮೂಗೊಂದನ್ನೇ ನೆಚ್ಚಿಕೊಳ್ಳೋಕೂ ಆಗಲ್ಲ, ಬಾಯಾರಿದ ಪ್ರಾಣಿ ವಿಷದ ನೀರನ್ನೂ ಕುಡಿಯುತ್ತೆ.

ತಪ್ಪಲು ಸವಾರ:
ನಮ್ಮ ಕಡೆ ದಡದಲ್ಲಿ ಹಸಿರು ಗೆರೆ ಇದೆ! ಮಾಮೂಲಿ ಪಾಚಿ ಅಂದುಕೊಂಡಿದ್ದೆ. ನೀರೂ ಕೆಳಗಿಳಿದಿದೆ, ಅಂಚೆಲ್ಲ ಕೆಸರು. ಕಾಲಿಟ್ಟರೆ ಗೊರಸು ಹೂತುಹೋಗುತ್ತೆ. ಕೆರೆಗೆ ಒಂದು ತೊರೆ ಬಂದು ಸೇರುತ್ತೆ, ಸ್ವಲ್ಪ ಮೇಲಕ್ಕೆ ನಡೆಯಬೇಕು. ಅಲ್ಲಿ ನೀರು ತಿಳಿಯಾಗಿ ಹರಿಯುತ್ತಿದೆ.

ದೂರದ ದಾರಿ:
ತೊರೆಯಿಂದಲೇ ತನ್ನಿ, ಕೆರೆ ಸೇರುವ ಜಾಗಕ್ಕಿಂತ ಚೆನ್ನಾಗಿ ಮೇಲಿಂದ. ಕೆಸರು ಕಾಲನ್ನು ಎಳೆಯೋ ಕಡೆ ತಲೆ ಬಗ್ಗಿಸಿ ನಿಲ್ಲೋಕೆ ಬಹಳ ಕುದುರೆಗಳು ಹೆದರುತ್ತವೆ, ಅದೂ ಒಂದು ಕಾರಣ ಇರಬಹುದು.

ಈಗ ಪೇಸ್ಟ್ ವಿಷಯ. ಕುದುರೆ ಬೆವರಿನಲ್ಲಿ ಉಪ್ಪು ಬಹಳ ಇರುತ್ತೆ, ಮನುಷ್ಯರ ಬೆವರಿಗಿಂತ ಎಷ್ಟೋ ಜಾಸ್ತಿ. ನಮಗೆ ಬೆವರಿದಾಗ ನೀರು ಹೆಚ್ಚು, ಉಪ್ಪು ಕಡಿಮೆ ಹೋಗುತ್ತೆ. ರಕ್ತದಲ್ಲಿ ಉಪ್ಪಿನ ಪ್ರಮಾಣ ಏರಿ ಬಾಯಾರಿಕೆ ಹುಟ್ಟುತ್ತೆ. ಕುದುರೆಯಲ್ಲಿ ಎರಡೂ ಒಟ್ಟಿಗೆ ಹೋಗೋದರಿಂದ ರಕ್ತದ ಉಪ್ಪಿನ ಪ್ರಮಾಣ ಅಷ್ಟಾಗಿ ಏರಲ್ಲ. ಮೈ ಒಣಗಿದ್ದರೂ ಬಾಯಾರಿಕೆಯ ಸೂಚನೆ ಮೆದುಳಿಗೆ ಸರಿಯಾಗಿ ಮುಟ್ಟಲ್ಲ. ನಿಮ್ಮ ಕುದುರೆ ಹಠ ಮಾಡುತ್ತಿಲ್ಲ, ನಿಜವಾಗಿಯೂ ಅದಕ್ಕೆ ಬಾಯಾರಿಕೆ ಅನಿಸುತ್ತಿಲ್ಲದಿರಬಹುದು. ಹಾಗಂತ ಗಟ್ಟಿ ಪೇಸ್ಟನ್ನು ಬಾಯಿಗೆ ತುರುಕಿ, ಅದು ನೀರು ಕುಡಿಯದೇ ಹೋದರೆ? ಆ ಉಪ್ಪು ಮೈಯಲ್ಲಿರೋ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತೆ. ಇನ್ನೂ ಕಷ್ಟ.

ಹೀಗೆ ಮಾಡಿ. ಎರಡು ಬಕೆಟ್ ಇಡಿ. ಒಂದರಲ್ಲಿ ಲೀಟರಿಗೆ 9 ಗ್ರಾಂ ಅಡುಗೆ ಉಪ್ಪು, ಅಂದರೆ ಹೆಚ್ಚುಕಡಿಮೆ ಒಂದೂವರೆ ಟೀ ಚಮಚ. ಇನ್ನೊಂದರಲ್ಲಿ ಬರೀ ನೀರು. ಬೆವರಿದ ಕುದುರೆಗೆ ಮೊದಲು ಉಪ್ಪುನೀರು ಸಿಕ್ಕರೆ ಆಮೇಲೆ ಸಾದಾ ನೀರನ್ನೂ ಜಾಸ್ತಿ ಕುಡಿಯುತ್ತೆ. ಉಪ್ಪುನೀರು ಮೂಸಿ ಬಿಟ್ಟರೆ ಬಲವಂತ ಬೇಡ. ನೀರು 20 ಡಿಗ್ರಿ ಆಸುಪಾಸು ಇದ್ದರೆ ಒಳ್ಳೆಯದು. ಬಿಸಿಲಲ್ಲಿ ಬಕೆಟ್ ಇಟ್ಟು ನೀರು ಬಿಸಿಯಾದರೆ ಕುಡಿಯೋದು ಕಡಿಮೆಯಾಗಬಹುದು.

ಹುಲ್ಲನ್ನು ನೀರಲ್ಲಿ ಚೆನ್ನಾಗಿ ನೆನೆಸಿ ಹನಿ ಸೋರುವ ಹಾಗೆಯೇ ಕೊಡಿ. ಒಂದೇ ಸಲ ರಾಶಿ ಹಾಕಬೇಡಿ, ಸ್ವಲ್ಪ ಸ್ವಲ್ಪ. ಕಾಳು ನಿಲ್ಲಿಸಿ. ಹುಲ್ಲನ್ನು ಮರಳಿನ ಮೇಲೆ ಹಾಕಬೇಡಿ, ಮರಳು ಕರುಳಿಗೆ ಸೇರಿ ಬೇರೆಯೇ ಹೊಟ್ಟೆನೋವು ತರುತ್ತೆ.

ಗೊರಸಿನ ಸದ್ದು:
ಒಂದು ಸೇರಿಸ್ತೀನಿ. ಮೈಗೂ ನೀರು ಹಾಕಿ. ಬಿಸಿಯಾದ ಕುದುರೆಗೆ ತಣ್ಣೀರು ಹಾಕಿದರೆ ಸ್ನಾಯು ಹಿಡಿದುಕೊಳ್ಳುತ್ತೆ ಅಂತ ಹೇಳ್ತಾರೆ, ಅದಕ್ಕೆ ಆಧಾರ ಇಲ್ಲ. ಕೊರಳು, ಎದೆ, ಬೆನ್ನು, ತೊಡೆ ಎಲ್ಲಕ್ಕೂ ಬಿಡದೆ ಸುರಿಯುತ್ತಾ ಇರಿ. ಒದ್ದೆ ಬಟ್ಟೆ ಹೊದಿಸಬೇಡಿ, ಅದು ಶಾಖವನ್ನು ಒಳಗೇ ಹಿಡಿದಿಡುತ್ತೆ.

ಕಟ್ಟಿರೋ ಜಾಗವನ್ನೂ ನೋಡಿ. ಎರಡು ಮರಗಳ ನಡುವೆ, ಕುದುರೆ ತಲೆಗಿಂತ ಎತ್ತರದಲ್ಲಿ ಹಗ್ಗ ಎಳೆದು ಕಟ್ಟಿ. ಮರಕ್ಕೆ ಅಗಲ ಪಟ್ಟಿ ಸುತ್ತಿ, ತೊಗಟೆ ಉಳಿಯುತ್ತೆ. ನೀರಿಂದ ಕನಿಷ್ಠ 60 ಮೀಟರ್ ದೂರ ಇರಲಿ, ಇಲ್ಲದಿದ್ದರೆ ಲದ್ದಿ, ಉಚ್ಚೆ ಎಲ್ಲ ಅದೇ ನೀರಿಗೆ ಹೋಗುತ್ತೆ. ಮಧ್ಯಾಹ್ನ ಮೂರಕ್ಕೆ ನೆರಳು ಎಲ್ಲಿ ಬೀಳುತ್ತೆ ಅಂತ ನೋಡಿ ಕಟ್ಟಿ, ಬೆಳಗಿನ ನೆರಳು ನಂಬಿದರೆ ಮಧ್ಯಾಹ್ನಕ್ಕೆ ಪೂರ್ತಿ ಬಿಸಿಲು.

ತಪ್ಪಲು ಸವಾರ:
ತೊರೆ ನೀರು ತಂದೆ. ಉಪ್ಪಿನ ಬಕೆಟ್ ಮೊದಲು ಇಟ್ಟೆ. ಮೂಸಿತು, ಸುಮಾರು ಆರು ಲೀಟರ್ ಕುಡಿಯಿತು! ಆಮೇಲೆ ಸಾದಾ ನೀರು ಮುಕ್ಕಾಲು ಬಕೆಟ್. ಒದ್ದೆ ಹುಲ್ಲೂ ತಿಂತಾ ಇದೆ. ಸಂಜೆಗೆ ಎದೆಬಡಿತ 38, ಬಲಗಡೆ ಸದ್ದೂ ಬಂತು, ಒಸಡು ಒದ್ದೆಯಾಗಿದೆ. ನಿಮಗೆಲ್ಲ ತುಂಬಾ ಥ್ಯಾಂಕ್ಸ್. ನಾಳೆ ಸವಾರಿ ಹೋಗಬಹುದಾ?

ದೂರದ ದಾರಿ:
ಬಹಳ ಖುಷಿಯಾಯ್ತು. ನಾಳೆ ಬೇಡ. ಸೆಕೆಯಲ್ಲಿ ಸುಮ್ನೆ ನಿಂತ ಕುದುರೆಗೇ ದಿನಕ್ಕೆ 40 ಲೀಟರ್ ಮೇಲೆ ಬೇಕಾಗುತ್ತೆ, ಇದು ಇನ್ನೂ ಹಿಂದಿನ ಬಾಕಿ ತೀರಿಸಬೇಕು. ಲದ್ದಿ ಮೆತ್ತಗಾಗಿ ಮೊದಲಿನಷ್ಟೇ ಬೀಳಲಿ. ರಾತ್ರಿ ಒಮ್ಮೆ ಎದ್ದು ಬಕೆಟ್ ನೋಡಿ, ಖಾಲಿಯಾಗಿದ್ದರೆ ತುಂಬಿಸಿ. ವೈದ್ಯರಿಗೂ ಸಂಜೆಯ ಲೆಕ್ಕ ತಿಳಿಸಿಬಿಡಿ. ಹೊರಡುವ ದಿನ ಬೆಳಕು ಹರಿಯುವ ಮೊದಲೇ ಜೀನು ಕಟ್ಟಿ, ಬಿಸಿಲೇರೋ ಮೊದಲು ಇಳಿದುಬಿಡಿ.