ಒಂದು ಸಲದ ಆಯಿಲ್ ಬಿಲ್ ಅಳಿಸಿಹೋಗಿದೆ, ಎಂಜಿನ್ ವಾರಂಟಿ ಸಿಗುತ್ತಾ?

ಪ್ರಶ್ನೆ:
ಕಾರಿಗೆ ಎರಡೂವರೆ ವರ್ಷ, 38,000 ಕಿ.ಮೀ. ಓಡಿದೆ. ವಾರಂಟಿ ಇನ್ನೂ ಇದೆ. ಹೋದ ವಾರ ಎಂಜಿನ್ ಒಳಗಿಂದ ಟಕ್ ಟಕ್ ಸದ್ದು ಶುರುವಾಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಜೋರು. ರಾಡ್ ಬೇರಿಂಗ್ (ಪಿಸ್ಟನ್ನಿನ ರಾಡ್ ಕ್ರ್ಯಾಂಕ್‌ಶಾಫ್ಟಿಗೆ ಸೇರುವ ಕಡೆಯ ಬೇರಿಂಗ್) ಹೋಗಿರಬೇಕು, ಆಯಿಲ್ ಬದಲಾಯಿಸಿದ ದಾಖಲೆ ಎಲ್ಲಾ ತನ್ನಿ ಅಂತ ಸರ್ವಿಸ್ ಸೆಂಟರಿನವರು ಹೇಳಿದ್ದಾರೆ. ಮೊದಲ ಎರಡು ಸಲ ಅಲ್ಲೇ ಮಾಡಿಸಿದ್ದೆ. ಮೂರನೇ ಸಲ, 29,400ರ ಹತ್ತಿರ, ನಾನೇ ಬದಲಾಯಿಸಿದೆ. ಕೈಪಿಡಿಯಲ್ಲಿ ಇದ್ದ 0ಡಬ್ಲ್ಯೂ-20 ಗ್ರೇಡಿನ ಆಯಿಲನ್ನೇ ಹಾಕಿದ್ದೆ, ಫಿಲ್ಟರ್ ಕೂಡ ಹೊಸದು. ಬಿಲ್ಲನ್ನು ಡ್ಯಾಶ್‌ಬೋರ್ಡ್ ಮೇಲೆ ಇಟ್ಟಿದ್ದೆ. ಈಗ ತೆಗೆದು ನೋಡಿದರೆ ಬರೀ ಬಿಳಿ ಚೀಟಿ. ಬೆಳಕಿಗೆ ಓರೆಯಾಗಿ ಹಿಡಿದರೆ ತಾರೀಖಿನ ಎರಡು ಅಂಕಿ ಕಾಣುತ್ತೆ, ಅಷ್ಟೇ. ತುಂಬಾ ಚಿಂತೆ ಆಗಿದೆ. ಏನು ಮಾಡಲಿ?

ಉತ್ತರ 1:
ಮೊದಲು ಎಂಜಿನ್ ಸ್ಟಾರ್ಟ್ ಮಾಡೋದು ನಿಲ್ಲಿಸಿ. ಸದ್ದು ಬಂದ ಮೇಲೂ ಓಡಿಸಿದಿರಿ ಅನ್ನೋದೇ ವಾರಂಟಿ ಕೊಡದಿರಲು ಇನ್ನೊಂದು ಕಾರಣ ಆಗಿಬಿಡುತ್ತೆ.

ವಾರಂಟಿಗೆ ಬಂದ ಎಂಜಿನ್ ಬಿಚ್ಚಿ ನೋಡುವ ಕೆಲಸ ನಾನು ಎಷ್ಟೋ ವರ್ಷ ಮಾಡಿದ್ದೇನೆ. ಕಾಗದಕ್ಕಿಂತ ಮೊದಲು ನಾವು ನೋಡುತ್ತಿದ್ದದ್ದು ಆಯಿಲ್ ಹಾಕುವ ಮುಚ್ಚಳದ ಕೆಳಭಾಗ, ಆಮೇಲೆ ಎಂಜಿನ್ ಮೇಲ್ಭಾಗ ಮುಚ್ಚುವ ವಾಲ್ವ್ ಕವರ್ ಒಳಗೆ. ಆಯಿಲ್ ಬದಲಾಯಿಸದೆ ಓಡಿಸಿದ ಎಂಜಿನ್‌ನಲ್ಲಿ ಡಾಂಬರಿನ ಹಾಗೆ ಕಪ್ಪು ಕೆಸರು ಕೂತಿರುತ್ತೆ, ಬೆರಳಲ್ಲಿ ಕೆರೆದರೆ ಅಂಟುತ್ತೆ. ಆ ಕೆಸರು ಪಂಪಿನ ಜಾಲರಿಗೆ ಕಟ್ಟಿಕೊಂಡರೆ ಬೇರಿಂಗಿಗೆ ಆಯಿಲ್ ತಲುಪೋದಿಲ್ಲ. ಆಗ ವಾರಂಟಿ ಕೇಳೋದು ಕಷ್ಟ. ನಿಮ್ಮದರ ಒಳಗೆ ಚೊಕ್ಕಟವಾಗಿದ್ದು ಬೇರಿಂಗ್ ಮಾತ್ರ ಸವೆದಿದ್ದರೆ, ಆ ಒಂದು ಬಿಲ್ ಇಲ್ಲ ಅಂತ ಸುಮ್ನೆ ಬಿಟ್ಟುಕೊಡಬೇಡಿ.

ಈಗಿರುವ ಆಯಿಲನ್ನು ನಿಮ್ಮ ಎದುರಲ್ಲೇ ಇಳಿಸಲಿ. ಸ್ವಲ್ಪವನ್ನು ಶುದ್ಧ ಬಾಟಲಿಯಲ್ಲಿ ತೆಗೆದಿಡಿ. ಹಳೆ ಫಿಲ್ಟರ್ ಎಸೆಯಲು ಬಿಡಬೇಡಿ. ಎಲ್ಲದರ ಫೋಟೋ ತೆಗೆಯಿರಿ. ಕ್ಲೇಮ್ ಕೊಡೋದಿಲ್ಲ ಅಂದರೆ ಯಾವ ಕಾರಣಕ್ಕೆ ಅಂತ ಬರೆದುಕೊಡಲು ಕೇಳಿ. ಬಾಯಿಮಾತು ಸಾಲದು.

ಒಂದು ಮಾತು ಮಾತ್ರ ಕೈಮುಗಿದು ಹೇಳುತ್ತೇನೆ, ಹೊಸದಾಗಿ ಬಿಲ್ ಬರೆಸಿಕೊಳ್ಳಬೇಡಿ. ಅದು ಸಿಕ್ಕಿಬಿದ್ದರೆ ಉಳಿದ ಎರಡು ಬಿಲ್ಲನ್ನೂ ಯಾರೂ ನಂಬೋದಿಲ್ಲ. ಅಂಗಡಿಯಲ್ಲಿ ಅದೇ ಬಿಲ್ಲಿನ ನಕಲು ಕೇಳಿ. ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಇರುತ್ತೆ ಅಲ್ವಾ?

ಉತ್ತರ 2:
ನನ್ನ ಬಿಲ್ ಇತ್ತು, ಆದರೂ ತಕರಾರು ಬಂತು. ಅದರಲ್ಲಿ ‘ಎಂಜಿನ್ ಆಯಿಲ್, 4 ಲೀಟರ್’ ಅಂತ ಮಾತ್ರ ಬರೆದಿತ್ತು. ಯಾವ ಗ್ರೇಡ್, ಆಗ ಮೀಟರ್ ಎಷ್ಟಿತ್ತು, ಫಿಲ್ಟರ್ ಬದಲಾಯಿತೋ ಇಲ್ಲವೋ, ಒಂದೂ ಇಲ್ಲ. ಮೆಕ್ಯಾನಿಕ್ ತನ್ನ ಲೆಕ್ಕದ ಪುಸ್ತಕದ ಆ ಪುಟ ತೋರಿಸಿದ ಮೇಲೆ ಒಪ್ಪಿದರು. ಇನ್ನೊಂದು, ಕಿ.ಮೀ. ಮಾತ್ರ ಲೆಕ್ಕ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಕೈಪಿಡಿಯಲ್ಲಿ ತಿಂಗಳೂ ಇರುತ್ತೆ, ಯಾವುದು ಮೊದಲು ಬರುತ್ತೋ ಅದು. ಕಾರು ಕಡಿಮೆ ಓಡಿಸುವವರು ಜಾಸ್ತಿ ತಪ್ಪೋದು ಅಲ್ಲೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಂಗಡಿಯವರು ಕಂಪ್ಯೂಟರಿನಿಂದ ನಕಲು ತೆಗೆದುಕೊಟ್ಟರು, ಆಯಿಲ್ ಗ್ರೇಡ್, ಫಿಲ್ಟರಿನ ಪಾರ್ಟ್ ನಂಬರ್ ಎರಡೂ ಅದರಲ್ಲಿವೆ. ಆ ದಿನ ತಮ್ಮನಿಗೆ ಕಳಿಸಿದ್ದ ಫೋಟೋ ಕೂಡ ಸಿಕ್ಕಿತು. ಖಾಲಿ ಡಬ್ಬಗಳ ಹಿಂದೆ ಮೀಟರ್ ಕಾಣುತ್ತೆ, 29,412. ನಾನು ಬರುವವರೆಗೆ ಆಯಿಲ್ ಇಳಿಸಬೇಡಿ ಅಂತ ಫೋನ್ ಮಾಡಿ ಹೇಳಿದ್ದೇನೆ. ನಾಳೆ ಬೆಳಗ್ಗೆ ವಾಲ್ವ್ ಕವರ್ ತೆಗೆಯುತ್ತಾರೆ.