ಸಹಾಯ ಬೇಕು: ಮುಗಿಯದ ಕಾಮಿಕ್ಸ್ ಎಷ್ಟು ತೋರಿಸಬೇಕು?

ಎಲ್ಲರಿಗೂ ನಮಸ್ಕಾರ. ನಾನು ಒಂದು ಉದ್ದದ ಕಾಮಿಕ್ಸ್ ಮಾಡುತ್ತಿದ್ದೇನೆ, ಪೆನ್ಸಿಲ್ ಸ್ಕೆಚ್‌ನಿಂದ ಹಿಡಿದು ಎಲ್ಲವನ್ನೂ ಆನ್‌ಲೈನ್‌ನಲ್ಲಿ ಹಾಕುತ್ತಾ ಬಂದಿದ್ದೇನೆ. ಮೊದಮೊದಲು ಒಳ್ಳೆಯದೇ ಆಯ್ತು. ಮಾತಿನ ಬಲೂನುಗಳನ್ನು ಯಾವ ಕ್ರಮದಲ್ಲಿ ಓದಬೇಕೋ ಗೊತ್ತಾಗುತ್ತಿಲ್ಲ ಅಂತ ಯಾರೋ ಹೇಳಿದರು, ಸರಿ ಮಾಡಿದೆ.

ಈಗ ಕಾಮೆಂಟ್‌ಗಳೆಲ್ಲ ಕಥೆಯ ಮೇಲೆ. ಅಕ್ಕನ ಪಾತ್ರ ಸಾಯಬಾರದಂತೆ, ಕೊನೆಯನ್ನೂ ಕೆಲವರು ಊಹಿಸಿಬಿಟ್ಟಿದ್ದಾರೆ! ಹಾಕುವುದನ್ನು ನಿಲ್ಲಿಸಿ ನೋಡಿದೆ, ಚಿತ್ರ ಬಿಡಿಸುವುದೇ ನಿಂತುಹೋಯಿತು. ಗೆಳೆಯರಿಗೆ ಮಾತ್ರ ಕಳಿಸಿದರೆ ಎಲ್ಲರೂ ಸುಮ್ನೆ 'ಸೂಪರ್' ಅಂತಾರೆ, ಅದರಿಂದ ಏನು ಉಪಯೋಗ ಹೇಳಿ.

ಕದಿಯುತ್ತಾರೆ ಅನ್ನೋ ಭಯ ಜಾಸ್ತಿ ಇಲ್ಲ. ಬಿಡಿಸಿದ ಚಿತ್ರಕ್ಕೆ ಕಾಪಿರೈಟ್ ತಾನಾಗಿಯೇ ಇರುತ್ತದೆ, ಬರೀ ಐಡಿಯಾಗೆ ಇರಲ್ಲ ಅಷ್ಟೆ. ಆದರೆ ಆನ್‌ಲೈನ್‌ನಲ್ಲಿ ಬಂದದ್ದನ್ನು ಕೆಲವು ಪ್ರಕಾಶಕರು 'ಆಗಲೇ ಪ್ರಕಟವಾಗಿದೆ' ಅಂತ ಬಿಟ್ಟುಬಿಡುತ್ತಾರಲ್ವಾ, ಆ ಚಿಂತೆ ಇದೆ. ಮುಗಿಯುವ ಮೊದಲೇ ತೋರಿಸಿದವರೂ ಇದ್ದಾರೆ: ಮೈನ್‌ಕ್ರಾಫ್ಟ್ ಅನ್ನೋ ಗೇಮ್ 2009ರಲ್ಲೇ ಅರ್ಧಂಬರ್ಧ ಇದ್ದಾಗ ಜನರ ಕೈಗೆ ಬಂತು, ಪೂರ್ತಿ ಆವೃತ್ತಿ ಬಂದಿದ್ದು 2011ರಲ್ಲಿ, ನಿಜ. ಆದರೆ ಗೇಮ್ ಬೇರೆ, ಕೊನೆ ಗೊತ್ತಾದರೆ ಸಪ್ಪೆಯಾಗುವ ಕಥೆ ಬೇರೆ.

ಕಥೆ ಇರುವ ಕೆಲಸವನ್ನು ಮಾಡುತ್ತಲೇ ಹಂಚಿಕೊಂಡವರು ದಯವಿಟ್ಟು ಹೇಳಿ: ಸ್ಕೆಚ್, ಪಾತ್ರಗಳು, ಬಣ್ಣ ಇಷ್ಟನ್ನೇ ತೋರಿಸಿ ಕಥೆಯ ಪುಟಗಳನ್ನು ಮುಚ್ಚಿಡಬೇಕಾ, ಇಲ್ಲಾ ಶುರುವಿನ ಕೆಲವು ಅಧ್ಯಾಯ ಪೂರ್ತಿ ಹಾಕಿ ಅಲ್ಲಿಗೆ ನಿಲ್ಲಿಸಬೇಕಾ? ನೀವು ಎಲ್ಲಿ ಗೆರೆ ಎಳೆದಿರಿ?