‘ಡಿಸೆಪ್ಶನ್’ ಪದಕ್ಕೆ ಫ್ರೆಂಚಿನಲ್ಲಿ ಏನು?

ಶಿರಸಿಯ ಅಡಿಕೆ ಪೇಟೆಯ ಮಾತನ್ನೇ ತೆಗೆದುಕೊಳ್ಳೋಣ: ‘ಚಾಲಿ ಎಂದು ಹೇಳಿ ಬಿಳೆಗೋಟು ಬೆರೆಸಿ ಕೊಟ್ಟರು, ಇದು ಡಿಸೆಪ್ಶನ್’. ಚಾಲಿ ಎಂದರೆ ಒಣಗಿಸಿ ಸುಲಿದ ಒಳ್ಳೆಯ ಬಿಳಿ ಅಡಿಕೆ, ಬಿಳೆಗೋಟು ಅದಕ್ಕಿಂತ ಕೀಳು ದರ್ಜೆಯದು. ಮೋಸ ಎಂಬರ್ಥದ ಇಂಗ್ಲಿಷಿನ ಈ ಪದವನ್ನು ಫ್ರೆಂಚಿನಲ್ಲಿ ‘ದೆಸೆಪ್ಸಿಯೋಂ’ ಎಂದೇ ಉಳಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಉಳಿಸಬೇಡಿ. ಫ್ರೆಂಚಿನವರಿಗೆ ಅದು ನಿರಾಶೆ. ಚೀಲ ಬಿಚ್ಚಿದವನಿಗೆ ಬೇಸರವಾಯಿತು ಎಂದಷ್ಟೇ ಅರ್ಥವಾಗಿ, ಬೆರೆಸಿದವನ ತಪ್ಪು ಮಾಯವಾಗುತ್ತದೆ. ಎರಡೂ ಲ್ಯಾಟಿನಿನ ಒಂದೇ ಧಾತುವಿನಿಂದ ಬಂದವು, ದಾರಿ ಮಾತ್ರ ಬೇರೆಯಾಯಿತು.

ಇಲ್ಲಿ ಬೇಕಾದದ್ದು ‘ತ್ರೋಂಪ್ರಿ’. ಸರಕಿನ ಮೋಸಕ್ಕೆ ‘ತ್ರೋಂಪ್ರಿ ಸ್ಯುರ್ ಲಾ ಮಾರ್ಶಾಂದೀಸ್’ ಎಂಬ ನುಡಿಗಟ್ಟೇ ಇದೆ. ಆದರೆ ಇದರ ಕ್ರಿಯಾಪದ ‘ತ್ರೋಂಪೆ’ಯಲ್ಲಿ ಎಚ್ಚರ ಬೇಕು. ಅದರ ಹಿಂದೆ ‘ಸ’ ಸೇರಿ ‘ಸ ತ್ರೋಂಪೆ’ ಆದರೆ ‘ತಪ್ಪು ತಿಳಿದೆ, ಲೆಕ್ಕ ತಪ್ಪಿತು’ ಎಂದರ್ಥ, ಯಾರೂ ಯಾರನ್ನೂ ವಂಚಿಸಿರುವುದಿಲ್ಲ. ಕನ್ನಡದ ‘ಮೋಸ ಮಾಡು’, ‘ಮೋಸ ಹೋಗು’ ಜೋಡಿಯ ಹಾಗೆ ಕಂಡರೂ ಅದಲ್ಲ, ಏಕೆಂದರೆ ಮೋಸ ಹೋದವನ ಎದುರು ಮೋಸಗಾರ ಇದ್ದೇ ಇರುತ್ತಾನೆ. ಪರೀಕ್ಷೆಯ ಕಾಪಿ, ಇಸ್ಪೀಟಿನ ಕಳ್ಳಾಟಕ್ಕೆ ‘ತ್ರಿಶೆ’.

ಕಾನೂನಿನ ಪತ್ರವಾದರೆ ಇನ್ನೂ ಬಿಗಿ. ಸುಳ್ಳು ಹೆಸರು ಹೇಳಿಯೋ ನಾಟಕ ಹೂಡಿಯೋ ಹಣ ಕಿತ್ತರೆ ‘ಎಸ್ಕ್ರೋಕ್ರಿ’, ಫ್ರೆಂಚ್ ದಂಡಸಂಹಿತೆಯ 313-1ನೇ ಕಲಮು. ನಂಬಿ ಕೊಟ್ಟದ್ದನ್ನು ನುಂಗಿದರೆ ‘ಅಬ್ಯೂ ದ ಕೋಂಫಿಯಾಂಸ್’, 314-1. ನಮ್ಮಲ್ಲಿ ಮೊದಲನೆಯದಕ್ಕೆ ಹತ್ತಿರದ್ದು ಜನರ ಬಾಯಲ್ಲಿನ ‘ಫೋರ್ ಟ್ವೆಂಟಿ’. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 318.

ಪ್ರಾಮಾಣಿಕತೆಯ ಕಡೆಯೂ ಬಲೆಗಳಿವೆ. ‘ಒನೆತ್’ ಎಂದರೆ ಪ್ರಾಮಾಣಿಕ, ಸರಿ. ಆದರೆ ಬೆಲೆಗೆ ಸೇರಿ ‘ಪ್ರಿ ಒನೆತ್’ ಆದರೆ, ಕಾರವಾರದ ಪೇಟೆಯಲ್ಲಿ ಬಂಗಡೆ ಕೊಳ್ಳುವವರು ಹೇಳುವ ‘ನ್ಯಾಯವಾದ ದರ’. ಇಂಗ್ಲಿಷಿನ ‘ಕ್ಯಾಂಡಿಡ್’ ಮುಚ್ಚುಮರೆಯಿಲ್ಲದವನು, ಅದಕ್ಕೆ ‘ಫ್ರಾಂ’ ಹೊಂದುತ್ತದೆ. ಫ್ರೆಂಚಿನ ‘ಕಾಂದೀದ್’ ಏನೂ ಅರಿಯದ ಮುಗ್ಧ. ಇದು ನಮಗೆ ಹೊಸದಲ್ಲ: ನಮ್ಮ ‘ಪ್ರಾಮಾಣಿಕ’ ಹಿಂದಿಗೆ ಹೋದರೆ ‘ಅಧಿಕೃತ, ಆಧಾರವುಳ್ಳ’ ಎಂದಾಗುತ್ತದೆ.

ಒಂದು ಪದಕ್ಕೆ ಕನ್ನಡ ಇನ್ನೂ ಸಿಕ್ಕಿಲ್ಲ. ಫ್ರೆಂಚಿನ ‘ಲ್ವಾಯಾಲ್’ ಇಂಗ್ಲಿಷಿನಂತೆ ಬರೀ ನಿಷ್ಠೆಯಲ್ಲ, ಎದುರಾಳಿಯೊಡನೆಯೂ ಆಟ ಕೆಡಿಸದೆ ವ್ಯವಹರಿಸುವ ಗುಣ. ಹವ್ಯಕರ ಮನೆಮಾತಿನಲ್ಲೋ ಹಾಲಕ್ಕಿ ಕನ್ನಡದಲ್ಲೋ ಕಾರವಾರದ ಕೊಂಕಣಿಯಲ್ಲೋ ಇದಕ್ಕೆ ಬಳಕೆಯ ಮಾತು ಇದ್ದರೆ, ಅದು ಬರುವ ಒಂದು ವಾಕ್ಯದ ಸಮೇತ ತಿಳಿಸುವಿರಾ?